ಸಾಯಲು ಹೊರಟ ಕಣ್ಣು

1944ರ ಸೆಪ್ಟೆಂಬರ್ 27. ಪೆಸಿಫಿಕ್ ಸಾಗರದ ಬೂಗನ್‌ವಿಲ್ ದ್ವೀಪದ ದಕ್ಷಿಣಕ್ಕೆ ಕಹಿಲಿ ಎಂಬಲ್ಲಿ ಜಪಾನೀಯರ ವಿಮಾನನೆಲೆ. ದಡಕ್ಕೆ ಹತ್ತಿ ನಿಂತುಬಿಟ್ಟಿದ್ದ ಸರಕು ಹಡಗೊಂದರ ಮೇಲೆ ವಿಮಾನ ಹೊಡೆಯುವ ತೋಪುಗಳನ್ನು ಹೂಡಿ ಆ ನೆಲೆಗೆ ಕಾವಲಿಟ್ಟಿದ್ದರು. ಆ ದಿನ ಅಮೆರಿಕದ ನಾಲ್ಕು ವಿಮಾನಗಳು ಹಡಗನ್ನು ಹುಡುಕಿಕೊಂಡು ಬಂದವು. ಬಾಂಬು ಉದುರಿಸಿ ವಾಪಸು ಹೋಗುವ ವಿಚಾರ ಅವಕ್ಕಿರಲಿಲ್ಲ. ಬಾಂಬು ಹೊತ್ತುಕೊಂಡೇ ಇಳಿದವು. ಎರಡು ಗುರಿ ತಪ್ಪಿದವು, ಎರಡು ಹಡಗಿಗೆ ಬಡಿದು ಸಿಡಿದವು.

ನಾಲ್ಕರಲ್ಲೂ ಪೈಲಟ್ ಇರಲಿಲ್ಲ. ಮೂತಿಯಲ್ಲಿ ಟೆಲಿವಿಷನ್ ಕ್ಯಾಮೆರಾ ಇತ್ತು. ಹಿಂದೆ, ತೋಪಿಗೆ ಸಿಗದಷ್ಟು ದೂರದಲ್ಲಿ ಹಾರುತ್ತಿದ್ದ ಅವೆಂಜರ್ ವಿಮಾನದೊಳಗೆ ಕೂತಿದ್ದ ಆಪರೇಟರ್ ಒಂದು ಪುಟ್ಟ ಪರದೆಗೆ ಕಣ್ಣು ನೆಟ್ಟು, ರೇಡಿಯೊ ಮೂಲಕ ಅವುಗಳನ್ನು ಓಡಿಸುತ್ತಿದ್ದ. ವಿಮಾನದ ಮೂತಿಗೆ ಕಂಡದ್ದು ಅವನಿಗೂ ಕಾಣುತ್ತಿತ್ತು. ಇಂದು ಉಕ್ರೇನಿನ ಬಯಲುಗಳಲ್ಲಿ ದಿನವೂ ಸಾವಿರಗಟ್ಟಲೆ ಏಳುವ ಎಫ್‌ಪಿವಿ, ಅಂದರೆ ಫಸ್ಟ್ ಪರ್ಸನ್ ವ್ಯೂ, ಡ್ರೋನುಗಳ ತತ್ತ್ವ ಇದಿಷ್ಟೇ. ಎಂಬತ್ತು ವರ್ಷದ ಹಿಂದೆಯೇ ಅದು ಯುದ್ಧದಲ್ಲಿ ಕೆಲಸ ಮಾಡಿ ತೋರಿಸಿತ್ತು. ಆಮೇಲೆ ಅದು ಎಲ್ಲಿ ಹೋಯಿತು, ಯಾರ ಕೈಗೆ ಸಿಕ್ಕಿ ವಾಪಸು ಬಂತು ಎಂಬುದನ್ನು ನೋಡಿದರೆ, ಸೇನೆಗಳ ಪ್ರಯೋಗಾಲಯಗಳಿಗಿಂತ ಮಕ್ಕಳಾಟದ ಸಾಮಾನಿನ ಅಂಗಡಿಗಳ ಕಥೆಯೇ ಇದರಲ್ಲಿ ಹೆಚ್ಚಿದೆ.

ಬೂಗನ್‌ವಿಲ್‌ನಲ್ಲಿ ಬಳಸಿದ ಆ ವಿಮಾನದ ಹೆಸರು ಟಿಡಿಆರ್-1. ಯುದ್ಧಕ್ಕೆ ಬೇಕಾದ ಅಲ್ಯೂಮಿನಿಯಂ ಅದಕ್ಕೆ ಖರ್ಚಾಗಬಾರದೆಂದು ಉಕ್ಕಿನ ಕೊಳವೆಗಳ ಚೌಕಟ್ಟಿಗೆ ಮರದ ಹೊದಿಕೆ ಹಾಕಿದ್ದರು. ಚೌಕಟ್ಟು ಮಾಡಿಕೊಟ್ಟದ್ದು ಶ್ವಿನ್ ಸೈಕಲ್ ಕಂಪನಿ. ಮರದ ಕೆಲಸಕ್ಕೆ ಪಿಯಾನೊ, ಆರ್ಗನ್ ಮಾಡುವ ವುರ್ಲಿಟ್ಜರ್ ಕಾರ್ಖಾನೆ ಕೈಜೋಡಿಸಿತ್ತು. ಒಂದು ತಿಂಗಳಲ್ಲಿ ಇಂಥ 46 ವಿಮಾನಗಳನ್ನು ಹಾರಿಸಿದರು. 29 ಗುರಿಯ ಆಸುಪಾಸು ತಲುಪಿದವು. ನ್ಯೂ ಐರ್ಲೆಂಡ್ ದ್ವೀಪದ ತುದಿಯಲ್ಲಿದ್ದ ಒಂದು ದೀಪಸ್ತಂಭ ಪೂರ್ತಿ ನೆಲಕಚ್ಚಿತು. ಈ ದಾಳಿಗಳಲ್ಲಿ ಅಮೆರಿಕದ ಒಬ್ಬ ಪೈಲಟ್ಟೂ ಸಾಯಲಿಲ್ಲ. ಮೊದಲ ಪ್ರಯೋಗಕ್ಕೆ ಇದು ಕಳಪೆ ಲೆಕ್ಕವೇನೂ ಆಗಿರಲಿಲ್ಲ. ಆದರೂ ಅಕ್ಟೋಬರ್ 26ಕ್ಕೆ ನೌಕಾಪಡೆ ಇದರಿಂದ ಕೈತೊಳೆದುಕೊಂಡಿತು. ಮಾಮೂಲಿ ವಿಮಾನಗಳಿಂದಲೇ ಯುದ್ಧ ಗೆಲ್ಲುತ್ತಿರುವಾಗ, ಗಳಿಗೆಗೊಮ್ಮೆ ಕೈಕೊಡುವ ಟೆಲಿವಿಷನ್ ಉಪಕರಣಗಳ ಸಹವಾಸ ಯಾಕೆ ಎಂಬುದು ಹಿರಿಯ ಅಧಿಕಾರಿಗಳ ಧೋರಣೆ.

ಆ ದಿನಾಂಕವನ್ನು ಗಮನಿಸಬೇಕು. ಅದರ ಹಿಂದಿನ ದಿನ, ಅಕ್ಟೋಬರ್ 25ರಂದು, ಫಿಲಿಪೀನ್ಸಿನ ಲೇಟೆ ಕೊಲ್ಲಿಯ ಬಳಿ ಜಪಾನಿನ ಕಾಮಿಕಾಜಿ ಪೈಲಟ್‌ಗಳು ತಮ್ಮ ವಿಮಾನಗಳನ್ನೇ ಅಮೆರಿಕದ ಹಡಗುಗಳಿಗೆ ಅಪ್ಪಳಿಸಿ ಸೇಂಟ್ ಲೋ ಎಂಬ ವಿಮಾನವಾಹಕ ನೌಕೆಯನ್ನು ಮುಳುಗಿಸಿದ್ದರು. ಒಂದು ಕಡೆಯವರು ಯಂತ್ರದ ಕಣ್ಣನ್ನು ಸಾಯಲು ಕಳಿಸುವುದನ್ನು ನಿಲ್ಲಿಸಿದ ಹೊತ್ತಿಗೆ ಇನ್ನೊಂದು ಕಡೆಯವರು ಮನುಷ್ಯರ ಕಣ್ಣನ್ನೇ ಕಳಿಸಲು ಶುರುಮಾಡಿದರು. ಇದನ್ನು ಬರೀ ಕಾಕತಾಳೀಯ ಎಂದು ಬಿಡಲಾಗದು. ಯಾಕೆಂದರೆ ಯಂತ್ರದ ಕಣ್ಣು ಕಳಿಸುವ ಇಡೀ ಆಲೋಚನೆ ಹುಟ್ಟಿದ್ದೇ ಜಪಾನೀಯರ ಆತ್ಮಾಹುತಿಯ ಸುದ್ದಿಯಿಂದ.

ಹತ್ತು ವರ್ಷ ಹಿಂದಕ್ಕೆ ಹೋಗೋಣ. ವ್ಲಾದಿಮಿರ್ ಜ್ವೊರಿಕಿನ್ ರಷ್ಯಾದ ಮುರೊಮ್ ಊರಿನವನು. ಕ್ರಾಂತಿಯ ಗಲಭೆಯಲ್ಲಿ ದೇಶ ಬಿಟ್ಟು ಅಮೆರಿಕಕ್ಕೆ ಬಂದು ಆರ್‌ಸಿಎ ಕಂಪನಿಯಲ್ಲಿ ಟೆಲಿವಿಷನ್ ಕ್ಯಾಮೆರಾ ಕೊಳವೆಯನ್ನು ಬೆಳೆಸಿದ ಎಂಜಿನಿಯರ್. 1934ರಲ್ಲಿ ಅವನು ವಿದ್ಯುತ್ ಕಣ್ಣುಳ್ಳ ಹಾರುವ ಟಾರ್ಪಿಡೊ ಬಗ್ಗೆ ಒಂದು ಟಿಪ್ಪಣಿ ಬರೆದ. ಬಾಂಬಿಗೆ ದಾರಿ ತೋರಿಸಲು ಜಪಾನೀಯರು ಆತ್ಮಾಹುತಿ ದಳ ಕಟ್ಟಿದ್ದಾರೆಂಬ ಪತ್ರಿಕಾ ವರದಿಗಳ ಪ್ರಸ್ತಾಪ ಅದರಲ್ಲಿತ್ತು. ಬೇರೆ ದೇಶಗಳಲ್ಲಿ ಅಂಥ ಜನ ಸಿಗುವುದು ಕಷ್ಟ. ಹಾಗಿದ್ದರೆ ಬಾಂಬಿನ ಜೊತೆ ಮನುಷ್ಯನ ಕಣ್ಣನ್ನಷ್ಟೇ ಕಳಿಸಬಾರದೇಕೆ ಎಂಬುದು ಅವನ ತರ್ಕ. ಟೆಲಿವಿಷನ್ ಇನ್ನೂ ಮನೆಗಳಿಗೇ ಕಾಲಿಟ್ಟಿರಲಿಲ್ಲ.

ಯುದ್ಧದ ನಡುವೆ ಇಂಥದ್ದೇ ಇನ್ನೊಂದು ಪ್ರಯತ್ನ ಯುರೋಪಿನಲ್ಲಿ ನಡೆದು ಘೋರವಾಗಿ ಸೋತಿತು. ಹಳೆಯ ಬಾಂಬರ್ ವಿಮಾನಕ್ಕೆ ಸ್ಫೋಟಕ ತುಂಬಿ, ಮೂತಿಗೆ ಟೆಲಿವಿಷನ್ ಕ್ಯಾಮೆರಾ ಕಟ್ಟಿ, ಇನ್ನೊಂದು ವಿಮಾನದಿಂದ ನಡೆಸಿ ಜರ್ಮನರ ಕೋಟೆಗಳ ಮೇಲೆ ಕೆಡವುವ ಯೋಜನೆ. ತೊಂದರೆ ಏನೆಂದರೆ ನೆಲ ಬಿಟ್ಟು ಏಳುವ ಕೆಲಸ ರೇಡಿಯೊದಿಂದ ಆಗುತ್ತಿರಲಿಲ್ಲ. ಅದಕ್ಕೆ ಇಬ್ಬರು ಒಳಗಿರಬೇಕು, ಮೇಲೇರಿದ ಮೇಲೆ ನಿಯಂತ್ರಣ ಒಪ್ಪಿಸಿ ಪ್ಯಾರಾಚೂಟ್ ಕಟ್ಟಿಕೊಂಡು ಹಾರಬೇಕು. 1944ರ ಆಗಸ್ಟ್ 12ರಂದು ಇಂಗ್ಲೆಂಡಿನ ಸಫೋಕ್ ಮೇಲೆ, ಒಂಬತ್ತು ಟನ್ನಿಗೂ ಮಿಕ್ಕಿ ಟಾರ್ಪೆಕ್ಸ್ ಸ್ಫೋಟಕ ತುಂಬಿದ್ದ ವಿಮಾನ ಅವರು ಹಾರುವ ಮೊದಲೇ ಸಿಡಿಯಿತು. ಸತ್ತ ಪೈಲಟ್ ಜೋಸೆಫ್ ಕೆನಡಿ ಜೂನಿಯರ್, ಮುಂದೆ ಅಮೆರಿಕದ ಅಧ್ಯಕ್ಷನಾದ ಜಾನ್ ಕೆನಡಿಯ ಅಣ್ಣ.

ಯುದ್ಧ ಮುಗಿದ ಮೇಲೆ ಪೈಲಟ್ ಇಲ್ಲದ ವಿಮಾನಗಳು ಬೇರೆಯೇ ದಾರಿ ಹಿಡಿದವು. ದೊಡ್ಡದಾದವು, ದುಬಾರಿಯಾದವು, ವಾಪಸು ಬರುವಂಥವಾದವು. 1982ರಲ್ಲಿ ಲೆಬನಾನಿನ ಬೆಕಾ ಕಣಿವೆಯಲ್ಲಿ ಇಸ್ರೇಲ್ ಅವುಗಳನ್ನು ಬೇಹಿಗೆ ಬಿಟ್ಟಿತು. 2001ರ ಅಕ್ಟೋಬರಿನಲ್ಲಿ ಅಮೆರಿಕದ ಪ್ರಿಡೇಟರ್ ಅಫ್ಘಾನಿಸ್ತಾನದಲ್ಲಿ ಕ್ಷಿಪಣಿ ಹಾರಿಸಿತು. ಅದರ ನಂತರ ಬಂದ ರೀಪರ್‌ನ ಬೆಲೆ ಕೋಟಿಗಟ್ಟಲೆ ಡಾಲರ್. ಇಷ್ಟು ಬೆಲೆಯ ಕಣ್ಣನ್ನು ಸಾಯಲು ಯಾರು ಕಳಿಸಿಯಾರು?

ಅಗ್ಗದ ಕಣ್ಣು ಬಂದದ್ದು ಮೊಬೈಲ್ ಫೋನಿನ ಬಾಲ ಹಿಡಿದು. ಫೋನುಗಳು ಕೋಟಿ ಲೆಕ್ಕದಲ್ಲಿ ಮಾರಾಟವಾಗತೊಡಗಿದಾಗ ಅಕ್ಕಿಕಾಳಿನಷ್ಟು ಕ್ಯಾಮೆರಾ, ಸಮತೋಲ ಅಳೆಯುವ ಗೈರೊಸ್ಕೋಪ್ ಚಿಪ್ಪು, ಹಗುರ ಲಿಥಿಯಂ ಬ್ಯಾಟರಿ ಎಲ್ಲವೂ ಪುಡಿಗಾಸಿಗೆ ಸಿಗುವಂತಾದವು. ರಿಮೋಟ್ ವಿಮಾನ ಹಾರಿಸುವ ಹವ್ಯಾಸಿಗಳು ಇವನ್ನು ಕೊಂಡು ಬೆಸುಗೆ ಹಾಕಿ, ಕಣ್ಣಿಗೆ ಕಟ್ಟಿಕೊಳ್ಳುವ ಪರದೆಗೆ ವಿಡಿಯೊ ಹಾಯಿಸಿ, ತಾವೇ ಹಾರುತ್ತಿದ್ದೇವೆಂಬ ಸುಖ ಕಂಡುಕೊಂಡರು. 2010ರಲ್ಲಿ ರಾಫೇಲ್ ಪಿರ್ಕರ್ ಎಂಬ ಸ್ವಿಸ್ ಹವ್ಯಾಸಿ ನ್ಯೂಯಾರ್ಕಿನ ಸೇತುವೆಗಳ ಸುತ್ತ, ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಪಕ್ಕ ಹಾರಿಸಿ ತೆಗೆದ ವಿಡಿಯೊ ಜಗತ್ತನ್ನೆಲ್ಲ ಸುತ್ತಿತು. ಮರುವರ್ಷ ವರ್ಜೀನಿಯಾ ವಿಶ್ವವಿದ್ಯಾಲಯದ ಆವರಣದಲ್ಲಿ ಹಾರಿಸಿದ್ದಕ್ಕೆ ಅಮೆರಿಕದ ವಿಮಾನಯಾನ ಇಲಾಖೆ ಅವನಿಗೆ 10,000 ಡಾಲರ್ ದಂಡ ಹಾಕಿತು. ವರ್ಷಗಟ್ಟಲೆ ಜಗ್ಗಾಡಿ 2015ರಲ್ಲಿ 1,100 ಡಾಲರಿಗೆ ರಾಜಿಯಾಯಿತು. ಸರಕಾರಗಳಿಗೆ ಆಗ ಇದ್ದದ್ದು ಜನರ ತಲೆ ಮೇಲೆ ಬಿದ್ದೀತೆಂಬ ಭಯವಷ್ಟೇ. 2016ರ ಮಾರ್ಚಿನಲ್ಲಿ ದುಬೈಯಲ್ಲಿ ನಡೆದ ಡ್ರೋನ್ ಓಟದ ಪಂದ್ಯದಲ್ಲಿ ಲೂಕ್ ಬ್ಯಾನಿಸ್ಟರ್ ಎಂಬ 15 ವರ್ಷದ ಬ್ರಿಟಿಷ್ ಹುಡುಗ ಎರಡೂವರೆ ಲಕ್ಷ ಡಾಲರ್ ಬಹುಮಾನ ಗೆದ್ದ.

ಈ ಪಂದ್ಯಗಳು ಹುಡುಗಾಟವೆಂದು ಕಂಡರೂ ಯುದ್ಧಕ್ಕೆ ಬೇಕಾದ ಮೂರು ವಸ್ತು ಪಕ್ವವಾದದ್ದು ಅಲ್ಲೇ. ಗೋಡೆಗೆ ಗುದ್ದಿದರೂ ಮುರಿಯದ ಕಾರ್ಬನ್ ಫೈಬರ್ ಚೌಕಟ್ಟು. ಗಂಟೆಗೆ ನೂರು ಕಿಲೋಮೀಟರ್ ದಾಟಿ ಓಡುವಾಗಲೂ ತಡವಾಗದೆ ಬರುವ ವಿಡಿಯೊ. ಬೀಟಾಫ್ಲೈಟ್‌ನಂಥ ಮುಕ್ತ ತಂತ್ರಾಂಶ. ಇದನ್ನು ಹಲವು ದೇಶಗಳ ಹವ್ಯಾಸಿಗಳು ರಾತ್ರಿ ಹೊತ್ತು ಪುಕ್ಕಟೆ ಬರೆದು, ತಿದ್ದಿ, ಯಾರು ಬೇಕಾದರೂ ಬಳಸಿಕೊಳ್ಳಿ ಎಂದು ಬಿಟ್ಟಿದ್ದರು. ಬಿಡಿಭಾಗವೆಲ್ಲ ಚೀನಾದ ಶೆನ್‌ಜೆನ್ ಸುತ್ತಮುತ್ತ ತಯಾರಾಗಿ ಅಂಚೆಯಲ್ಲಿ ಮನೆಗೆ ಬರುತ್ತಿತ್ತು. ಯಾವ ರಕ್ಷಣಾ ಸಚಿವಾಲಯದ ಟೆಂಡರಿನಿಂದಲೂ ಈ ಬೆಲೆಗೆ ಈ ಸಾಮಾನು ಹುಟ್ಟುತ್ತಿರಲಿಲ್ಲ ಎಂದು ನನ್ನ ಅನಿಸಿಕೆ.

ಮೊದಲು ಎಚ್ಚೆತ್ತವರು ಉಗ್ರರು. 2016ರ ಅಕ್ಟೋಬರಿನಲ್ಲಿ ಉತ್ತರ ಇರಾಕಿನಲ್ಲಿ ಕೆಳಗೆ ಬಿದ್ದ ಸಣ್ಣ ಡ್ರೋನೊಂದನ್ನು ಎತ್ತಿಕೊಂಡ ಇಬ್ಬರು ಕುರ್ದಿಶ್ ಪೆಶ್ಮೆರ್ಗಾ ಯೋಧರು ಅದರೊಳಗೆ ಅಡಗಿಸಿದ್ದ ಬಾಂಬು ಸಿಡಿದು ಸತ್ತರು. ಮೊಸುಲ್ ಕದನದಲ್ಲಿ ಐಸಿಸ್ ಅಂಗಡಿಯ ಡ್ರೋನುಗಳಿಂದ ಗ್ರೆನೇಡ್ ಉದುರಿಸಿತು. ದೊಡ್ಡ ಸೇನೆಗಳು ಇದನ್ನು ದರಿದ್ರರ ಉಪಾಯವೆಂದು ಬಗೆದವು.

ಉಕ್ರೇನಿಗೆ ಹಾಗೆ ಬಗೆಯುವ ಅನುಕೂಲ ಇರಲಿಲ್ಲ. 2014ರಲ್ಲಿ ಕ್ರೈಮಿಯಾ ಕೈತಪ್ಪಿದಾಗಲೇ ಏರೊರೊಜ್ವಿದ್ಕಾ ಎಂಬ ಸ್ವಯಂಸೇವಕರ ತಂಡ ಅಂಗಡಿಯ ಡ್ರೋನುಗಳನ್ನು ಬೇಹುಗಾರಿಕೆಗೆ ಪಳಗಿಸಿತ್ತು. 2022ರ ಫೆಬ್ರವರಿ 24ರಂದು ರಷ್ಯಾ ಪೂರ್ತಿಯಾಗಿ ನುಗ್ಗಿದ ಮೇಲೆ ಮದುವೆ ವಿಡಿಯೊ ತೆಗೆಯುವ ಮಾವಿಕ್ ಡ್ರೋನುಗಳೆಲ್ಲ ಮುಂಚೂಣಿಗೆ ಹೋದವು. ಓಟದ ಡ್ರೋನಿಗೆ ಸಿಡಿತಲೆ ಕಟ್ಟಿ ಹೊಡೆಯುವುದು ಆ ವರ್ಷದ ಕೊನೆಯ ಭಾಗದಲ್ಲಿ ಅಲ್ಲೊಂದು ಇಲ್ಲೊಂದು ಕಂಡಿತು. 2023ರಲ್ಲಿ ಅದು ಎರಡೂ ಕಡೆಯ ನಿತ್ಯಕರ್ಮವಾಯಿತು.

ಯಂತ್ರವನ್ನು ಹತ್ತಿರದಿಂದ ನೋಡಿದರೆ ಅದರ ಬಡತನವೇ ಕಣ್ಣಿಗೆ ಹೊಡೆಯುತ್ತದೆ. ಕಪ್ಪು ಕಾರ್ಬನ್ ಪಟ್ಟಿಯ ನಾಲ್ಕು ತೋಳು, ತುದಿಗೊಂದು ಮೋಟಾರು, ಏಳರಿಂದ ಹತ್ತು ಇಂಚಿನ ಪ್ಲಾಸ್ಟಿಕ್ ಪಂಖ. ನಡುವೆ ಬೆಸುಗೆಯ ಗಂಟುಗಳು ಎದ್ದು ಕಾಣುವ ಸರ್ಕ್ಯೂಟ್. ಬೆನ್ನಿಗೆ ಪಟ್ಟಿ ಬಿಗಿದ ಬ್ಯಾಟರಿ. ಹೊಟ್ಟೆಯಡಿ ಸೋವಿಯತ್ ಕಾಲದ ಆರ್‌ಪಿಜಿ-7 ಸಿಡಿತಲೆ; ಅದನ್ನು ಕಟ್ಟಿರುವುದು ಎಲೆಕ್ಟ್ರಿಶಿಯನ್ನರು ವೈರು ಕಟ್ಟುವ ಪ್ಲಾಸ್ಟಿಕ್ ಟೈಗಳಿಂದ. ಉಕ್ರೇನಿನಲ್ಲಿ ಅಡುಗೆಮನೆಯ ಮೇಜಿನ ಮೇಲೆ ಬೆಸುಗೆ ಕಡ್ಡಿ ಹಿಡಿದು ಇವನ್ನು ಜೋಡಿಸಿ ಸೇನೆಗೆ ಕಳಿಸಿದ ನಾಗರಿಕರು ಬಹಳ ಮಂದಿ. ಒಟ್ಟು ಖರ್ಚು 400ರಿಂದ 500 ಡಾಲರ್, ನಮ್ಮ ಲೆಕ್ಕದಲ್ಲಿ ನಲವತ್ತು ಸಾವಿರ ರೂಪಾಯಿಯ ಆಸುಪಾಸು. ಟ್ಯಾಂಕ್ ಹೊಡೆಯುವ ಅಮೆರಿಕದ ಒಂದು ಜಾವೆಲಿನ್ ಕ್ಷಿಪಣಿಗೆ ಇದರ ಎಷ್ಟೋ ಪಟ್ಟು ಬೆಲೆ.

ಹಾರಿಸುವವನು ಮುಂಚೂಣಿಯಿಂದ ಕೆಲವು ಕಿಲೋಮೀಟರ್ ಹಿಂದೆ, ನೆಲಮಾಳಿಗೆಯಲ್ಲೋ ಕಂದಕದಲ್ಲೋ ಗಾಗಲ್ಸ್ ಏರಿಸಿ ಕೂರುತ್ತಾನೆ. ಆಂಟೆನಾ ಹೊರಗೆ ಮರದ ಮೇಲಿರುತ್ತದೆ. ಪಕ್ಕದಲ್ಲಿ ದಾರಿ ಹೇಳುವವನೊಬ್ಬ, ಸಿಡಿತಲೆ ಕಟ್ಟುವವನೊಬ್ಬ. ಎತ್ತರದಲ್ಲಿ ನಿಂತ ಇನ್ನೊಂದು ಡ್ರೋನ್ ಗುರಿಯನ್ನು ಕಾಯುತ್ತಿರುತ್ತದೆ. ಎಫ್‌ಪಿವಿ ಏಳುತ್ತದೆ, ಹೊಲ, ಮರಗಳ ಸಾಲು, ಸುಟ್ಟ ಲಾರಿ ಹಿಂದಕ್ಕೆ ಸರಿಯುತ್ತವೆ, ಪರದೆಯ ಮೂಲೆಯಲ್ಲಿ ಬ್ಯಾಟರಿಯ ಅಂಕಿ ಇಳಿಯುತ್ತಿರುತ್ತದೆ. ಗುರಿಯತ್ತ ಬಾಗಿದಂತೆ ಚಿತ್ರ ಕದಡತೊಡಗುತ್ತದೆ. ಡ್ರೋನ್ ತಗ್ಗಿದಾಗ ನೆಲದ ಉಬ್ಬು, ಮರ, ಕಟ್ಟಡಗಳು ರೇಡಿಯೊ ತರಂಗಕ್ಕೆ ಅಡ್ಡ ಬರುವುದೇ ಇದಕ್ಕೆ ಕಾರಣ. ಕೊನೆಯ ಒಂದೆರಡು ಸೆಕೆಂಡು ಪರದೆ ತುಂಬ ಬಿಳಿ ಚುಕ್ಕೆ. ತಾಗಿತೋ ಇಲ್ಲವೋ ಎಂದು ಹೇಳಬೇಕಾದದ್ದು ಮೇಲೆ ನಿಂತ ಡ್ರೋನು. ಎಷ್ಟೋ ಸಲ ತಾಗಿರುವುದಿಲ್ಲ. ಉಕ್ರೇನಿನ ಎಫ್‌ಪಿವಿಗಳಲ್ಲಿ ಶೇ. 60ರಿಂದ 80ರಷ್ಟು ಗುರಿ ಮುಟ್ಟುವುದಿಲ್ಲವೆಂದು ಲಂಡನ್ನಿನ ರಾಯಲ್ ಯುನೈಟೆಡ್ ಸರ್ವಿಸಸ್ ಇನ್‌ಸ್ಟಿಟ್ಯೂಟ್ 2025ರ ಫೆಬ್ರವರಿಯಲ್ಲಿ ಅಂದಾಜಿಸಿತು. ಆದರೆ ನಾಶವಾದ, ಕೆಟ್ಟುಹೋದ ರಷ್ಯನ್ ಯುದ್ಧ ಸಲಕರಣೆಗಳಲ್ಲಿ ಶೇ. 60–70 ಸಣ್ಣ ಡ್ರೋನುಗಳಿಗೇ ಬಲಿಯಾದದ್ದು ಎಂದೂ ಅದೇ ವರದಿ ಹೇಳಿತು. ಐದರಲ್ಲಿ ನಾಲ್ಕು ಹಾಳಾದರೂ ಲೆಕ್ಕ ಗಿಟ್ಟುವುದು ಅಗ್ಗದ ಮಾಲಿಗೆ ಮಾತ್ರ.

ಈ ಆಯುಧ ಇಷ್ಟು ಬೇಗ ಬಲಿತದ್ದಕ್ಕೆ ಉಕ್ರೇನಿಯನ್ನರ ಜಾಣತನವನ್ನೇ ಕಾರಣವಾಗಿ ಹೇಳುವುದು ರೂಢಿ. ಜಾಣತನ ಹೌದು, ಆದರೆ ಅದಕ್ಕಿಂತ ಹೆಚ್ಚಾಗಿ ಹೊಟ್ಟೆಗಿಲ್ಲದ ಕಷ್ಟ. 2023ರ ಕೊನೆಗೆ ಉಕ್ರೇನಿನ ಫಿರಂಗಿಗಳಿಗೆ ಸಾಕಷ್ಟು ಶೆಲ್ ಇರಲಿಲ್ಲ. ಹತ್ತು ಲಕ್ಷ ಶೆಲ್ ಕೊಡುತ್ತೇವೆಂದಿದ್ದ ಯುರೋಪಿಯನ್ ಒಕ್ಕೂಟ 2024ರ ಮಾರ್ಚಿನ ಗಡುವಿಗೆ ಅರ್ಧದಷ್ಟನ್ನು ಒದಗಿಸಲು ಏದುಸಿರು ಬಿಡುತ್ತಿತ್ತು. ಅಮೆರಿಕದ ನೆರವು ಅಲ್ಲಿನ ಸಂಸತ್ತಿನ ಜಗಳದಲ್ಲಿ ಸಿಕ್ಕಿ ಏಪ್ರಿಲ್‌ವರೆಗೆ ಹೊರಬರಲಿಲ್ಲ. ಶೆಲ್ ಹೊಡೆಯಬೇಕಾದಲ್ಲಿ ಡ್ರೋನ್ ಹೊಡೆಯುವುದು ಅನಿವಾರ್ಯವಾಯಿತು. 2023ರ ಡಿಸೆಂಬರ್ 19ರಂದು ಅಧ್ಯಕ್ಷ ವೊಲೊದಿಮಿರ್ ಝೆಲೆನ್‌ಸ್ಕಿ ಮುಂದಿನ ವರ್ಷ ಹತ್ತು ಲಕ್ಷ ಡ್ರೋನ್ ತಯಾರಿಸುವುದಾಗಿ ಘೋಷಿಸಿದರು. ಆದರೂ 2024ರ ಫೆಬ್ರವರಿ 17ಕ್ಕೆ ಅವ್ದಿವ್ಕಾ ಕೈಬಿಟ್ಟಿತು. ಡ್ರೋನ್ ಫಿರಂಗಿಯ ಬದಲಿಯಾಗಿ ಪೂರ್ತಿ ಸಾಲದು ಎಂಬುದಕ್ಕೆ ಆ ಊರೇ ಸಾಕ್ಷಿ.

ಅದೇ ಫೆಬ್ರವರಿ 21ರಂದು, ರಷ್ಯಾ ಹಿಡಿದಿದ್ದ ದೊನೆತ್ಸ್ಕ್ ಕಡೆಯ ಒಂದು ಶಿಬಿರದಲ್ಲಿ ಗುಜರಾತಿನ 23 ವರ್ಷದ ಯುವಕನೊಬ್ಬ ಡ್ರೋನ್ ದಾಳಿಗೆ ಸತ್ತ. ಅವನ ಜೊತೆಗಿದ್ದವರಲ್ಲಿ ಕಲಬುರಗಿ ಜಿಲ್ಲೆಯ ಹುಡುಗರಿದ್ದರು. ಸಹಾಯಕರ ಕೆಲಸ, ಕೈತುಂಬ ಸಂಬಳ ಎಂಬ ಏಜೆಂಟರ ಮಾತು ನಂಬಿ ಹೋದವರನ್ನು ರಷ್ಯಾದ ಸೇನೆಗೆ ಸೇರಿಸಿ ಮುಂಚೂಣಿಗೆ ಅಟ್ಟಿದ್ದರು. ಡ್ರೋನ್ ಬಂದಾಗ ಕಲಬುರಗಿಯ ಒಬ್ಬ ಅಲ್ಲೇ ಕಂದಕ ತೋಡುತ್ತಿದ್ದ. ಊರಿನಲ್ಲಿ ಮನೆಯವರು ಜನಪ್ರತಿನಿಧಿಗಳ ಬಾಗಿಲು ತಟ್ಟಿದರು. ಜುಲೈನಲ್ಲಿ ಪ್ರಧಾನಿ ಮೋದಿ ಮಾಸ್ಕೋದಲ್ಲಿ ಪುಟಿನ್ ಜೊತೆ ವಿಷಯ ಎತ್ತಿದ ಮೇಲೆ, ಸೆಪ್ಟೆಂಬರಿನಲ್ಲಿ ಈ ಹುಡುಗರು ಜೀವಸಹಿತ ಮನೆ ಸೇರಿದರು. ತೊಗರಿ ಬೆಳೆಯುವ ಸೀಮೆಯವರಿಗೂ ಈ ಡ್ರೋನುಗಳ ಸದ್ದಿನ ಪರಿಚಯ ಆಗಿದ್ದು ಹೀಗೆ.

ನೆಲದ ಮೇಲೆ ಯುದ್ಧದ ರೂಪವೇ ಬದಲಾಯಿತು. ಅಮೆರಿಕ ಕೊಟ್ಟಿದ್ದ 31 ಅಬ್ರಾಮ್ಸ್ ಟ್ಯಾಂಕುಗಳಲ್ಲಿ ಐದು ನಾಶವಾದ ಮೇಲೆ, ಡ್ರೋನ್ ಭಯಕ್ಕೆ ಉಳಿದವನ್ನು 2024ರ ಏಪ್ರಿಲಿನ ಹೊತ್ತಿಗೆ ಮುಂಚೂಣಿಯಿಂದ ಹಿಂದೆಗೆದರು. ಅದೇ ತಿಂಗಳು ರಷ್ಯನ್ನರು ಟ್ಯಾಂಕಿನ ಸುತ್ತ ತಗಡಿನ ಶೆಡ್ಡನ್ನೇ ಕಟ್ಟಿ ಓಡಿಸಿದರು. ನೋಡಿ ನಕ್ಕವರೇ ಹೆಚ್ಚು. ಆದರೆ ಕೆಲವು ಹತ್ತಾರು ಹೊಡೆತ ತಿಂದೂ ಮುಂದೆ ಸಾಗಿದ್ದನ್ನು ಕಂಡು ನಗು ನಿಂತಿತು. ಸೈನಿಕರು ಗುಂಪಾಗಿ ನಡೆಯುವುದು ಬಿಟ್ಟರು. ಇಬ್ಬರು ಮೂವರಾಗಿ, ಮೋಟಾರ್‌ಸೈಕಲ್ ಮೇಲೆ, ಮಂಜು ಮುಸುಕಿದಾಗ ಮಾತ್ರ ಚಲಿಸಿದರು. ಗಾಯಾಳುವನ್ನು ಹೊರಗೆ ತರುವುದು ಗಾಯವಾಗುವುದಕ್ಕಿಂತ ಅಪಾಯದ ಕೆಲಸವಾಯಿತು. ಮುಂಚೂಣಿಯ ಎರಡೂ ಬದಿಗೆ ಹತ್ತಾರು ಕಿಲೋಮೀಟರ್‌ವರೆಗೆ ಹಗಲಿನಲ್ಲಿ ವಾಹನ ಓಡದಂಥ ಪಟ್ಟಿ ಬೆಳೆಯಿತು.

ಅಂಕಪಟ್ಟಿಯೂ ಬಂತು. ಪ್ರತಿ ದಾಳಿಯ ವಿಡಿಯೊ ದಾಖಲಾಗುವುದರಿಂದ ಉಕ್ರೇನ್ ಸರಕಾರ ಅದನ್ನು ಪರಿಶೀಲಿಸಿ ಘಟಕಗಳಿಗೆ ಅಂಕ ಕೊಡುವ ಪದ್ಧತಿ ತಂದಿತು. 2025ರಲ್ಲಿ ನಾಶವಾದ ಟ್ಯಾಂಕಿಗೆ 40 ಅಂಕ, ಸೈನಿಕನಿಗೆ 6 ಎಂದಿತ್ತು. ಕೂಡಿಟ್ಟ ಅಂಕ ತೆತ್ತು ಬ್ರೇವ್1 ಎಂಬ ಸರಕಾರಿ ಅಂತರ್ಜಾಲ ಮಾರುಕಟ್ಟೆಯಲ್ಲಿ ಹೊಸ ಡ್ರೋನ್ ಕೊಳ್ಳಬಹುದು. ಶತ್ರುವನ್ನು ಕೊಲ್ಲುವುದಕ್ಕಿಂತ ಸೆರೆಹಿಡಿದರೆ ಅಂಕ ಹೆಚ್ಚು, ಯಾಕೆಂದರೆ ಕೈದಿಗಳ ವಿನಿಮಯಕ್ಕೆ ಜೀವಂತ ಆಳು ಬೇಕು. ಇದನ್ನು ಜಾರಿಗೆ ತಂದ ಮಿಖೈಲೊ ಫೆದೊರೊವ್ ಆಗ ಡಿಜಿಟಲ್ ಪರಿವರ್ತನೆಯ ಸಚಿವ. ಸಾಮಾನು ಚೆನ್ನಾಗಿ ಬಳಸುವವರಿಗೇ ಸಾಮಾನು ಸಿಗಲಿ ಎಂಬ ಅವರ ವಾದದಲ್ಲಿ ಹುರುಳಿದೆ. ಓದುವಾಗ ಮೈ ಜುಮ್ಮೆನ್ನುವುದೂ ನಿಜ.

ರೇಡಿಯೊ ಇದ್ದಲ್ಲಿ ಅದನ್ನು ಕೆಡಿಸುವವನೂ ಇರುತ್ತಾನೆ. ಲಾರಿ, ಟ್ಯಾಂಕು, ಕೊನೆಗೆ ಸೈನಿಕನ ಬೆನ್ನುಚೀಲದ ಮೇಲೂ ಜಾಮರ್ ಬಂದವು. ಡ್ರೋನಿನವರು ತರಂಗಾಂತರ ಬದಲಿಸಿದರು, ಜಾಮರ್‌ನವರು ಹಿಂಬಾಲಿಸಿದರು. ವಾರಕ್ಕೊಮ್ಮೆ ನಡೆದ ಈ ಕಣ್ಣಾಮುಚ್ಚಾಲೆಗೆ ರಷ್ಯನ್ನರು 2024ರಲ್ಲಿ ಕಂಡುಕೊಂಡ ಉತ್ತರ ಬಹಳ ಹಳೆಯದು: ತಂತಿ. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಗೋಲಿಯಾತ್ ಎಂಬ ಪುಟ್ಟ ಬಾಂಬು ಗಾಡಿ ತಂತಿ ಎಳೆದುಕೊಂಡು ಹೋಗುತ್ತಿತ್ತು. 1970ರಿಂದ ಅಮೆರಿಕ ಬಳಸಿದ ಟೋ ಕ್ಷಿಪಣಿಯೂ ತಂತಿಯದ್ದೇ. ಈಗ ತಾಮ್ರದ ಬದಲು ಇಂಟರ್ನೆಟ್ ಸಾಗಿಸುವ ಆಪ್ಟಿಕಲ್ ಫೈಬರ್. ಡ್ರೋನಿಗೆ ಕಟ್ಟಿದ ಉರುಳೆಯಿಂದ, ಜೇಡ ನೂಲು ಬಿಟ್ಟಂತೆ, ಹತ್ತಿಪ್ಪತ್ತು ಕಿಲೋಮೀಟರ್ ಎಳೆ ಬಿಚ್ಚುತ್ತ ಹೋಗುತ್ತದೆ. ಯಾವ ಜಾಮರ್‌ಗೂ ಜಗ್ಗುವುದಿಲ್ಲ. ಕೊನೆಯ ಗಳಿಗೆಯ ಬಿಳಿ ಚುಕ್ಕೆಗಳೂ ಇಲ್ಲ. ತಾಗುವ ಕ್ಷಣದವರೆಗೂ ಚಿತ್ರ ಸ್ಪಷ್ಟ. ರಸ್ತೆಬದಿಯಲ್ಲಿ ಇಳಿದು, ಬ್ಯಾಟರಿ ಉಳಿಸಿಕೊಂಡು, ವಾಹನ ಬರುವವರೆಗೆ ಹೊಂಚುಹಾಕಿ ಕೂರಲೂಬಹುದು.

ಇದರ ಪರಿಣಾಮ ರಷ್ಯಾದ ಕುರ್ಸ್ಕ್ ಪ್ರಾಂತ್ಯದಲ್ಲಿ ಕಂಡಿತು. 2024ರ ಆಗಸ್ಟ್ 6ರಂದು ಉಕ್ರೇನ್ ಗಡಿ ದಾಟಿ, ಕೆಲವೇ ದಿನಗಳಲ್ಲಿ ಅಲ್ಲಿನ ಸುಜಾ ಪಟ್ಟಣ ಹಿಡಿದಿತ್ತು. ಅಲ್ಲಿಗೆ ಅನ್ನ, ಮದ್ದುಗುಂಡು ಹೋಗಬೇಕಾದ ದಾರಿ ಮುಖ್ಯವಾಗಿ ಒಂದೇ. ರಷ್ಯಾ ತನ್ನ ರುಬಿಕಾನ್ ಡ್ರೋನ್ ಪಡೆಯನ್ನು ತಂದು ಆ ದಾರಿಯ ಮೇಲೆ ಫೈಬರ್ ಡ್ರೋನುಗಳನ್ನು ಬಿಟ್ಟಿತು. ಮುಂಚೂಣಿಯ ಸೈನಿಕನನ್ನು ಬಿಟ್ಟು ಹಿಂದಿನ ಲಾರಿಯನ್ನು, ಡ್ರೋನ್ ಹಾರಿಸುವವನನ್ನು ಹುಡುಕಿ ಹೊಡೆಯುವುದು ಅದರ ಪಾಠ. ದಾರಿ ಸುಟ್ಟ ವಾಹನಗಳ ಸಂತೆಯಾಯಿತು. 2025ರ ಮಾರ್ಚಿನಲ್ಲಿ ಉಕ್ರೇನ್ ಸುಜಾ ಬಿಟ್ಟು ಹಿಂದೆಗೆಯಿತು. ಆಯುಧವನ್ನು ಮೊದಲು ಪಳಗಿಸಿದವನಿಗೆ ಎದುರಾಳಿ ಅದೇ ಆಯುಧದಿಂದ, ಇನ್ನೂ ಶಿಸ್ತಾಗಿ, ಹೊಡೆದ ಏಟು ಅದು. ಆಮೇಲೆ ಉಕ್ರೇನಿನ ರಸ್ತೆಗಳ ಮೇಲೆ ಕಿಲೋಮೀಟರ್‌ಗಟ್ಟಲೆ ಬಲೆಯ ಚಪ್ಪರ ಎದ್ದವು. ಫ್ರಾನ್ಸಿನ ಬ್ರಿಟನಿ ತೀರದ ಮೀನುಗಾರರ ಹಳೆಯ ಬಲೆಗಳೂ ಅದಕ್ಕೆ ಬಂದವು. ಪಂಖ ಬಲೆಗೆ ಸಿಕ್ಕಿದರೆ ಸಾಕು, ಡ್ರೋನ್ ಅಲ್ಲೇ ಒದ್ದಾಡುತ್ತದೆ.

ಖೆರ್ಸಾನ್ ನಗರದ ಜನರ ಪಾಡು ಬೇರೆ. 2022ರ ನವೆಂಬರಿನಲ್ಲಿ ಉಕ್ರೇನ್ ಈ ನಗರವನ್ನು ಬಿಡಿಸಿಕೊಂಡಿತು. ದ್ನಿಪ್ರೊ ನದಿಯ ಆಚೆ ದಡ ರಷ್ಯನ್ನರ ಕೈಯಲ್ಲೇ ಉಳಿಯಿತು. ಅಲ್ಲಿಂದ ಬರುವ ಡ್ರೋನುಗಳು ಬಸ್ಸಿಗೆ ಕಾಯುವವರನ್ನು, ಸೈಕಲ್ ಸವಾರರನ್ನು, ಆಂಬುಲೆನ್ಸ್‌ಗಳನ್ನು ಬೆನ್ನಟ್ಟಿದವು. ದೂರದಿಂದ ಹೊಡೆದ ಶೆಲ್ ತಪ್ಪಿ ಬಿತ್ತು ಎನ್ನಬಹುದು. ಇಲ್ಲಿ ಹಾಗೆನ್ನಲು ಬಾರದು, ಹೊಡೆದವನ ಕಣ್ಣಮುಂದೆ ಹೊಡೆಸಿಕೊಂಡವರ ಮುಖ ಇತ್ತು. 2025ರ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ತನಿಖಾ ಆಯೋಗ ಈ ದಾಳಿಗಳನ್ನು ಮಾನವತೆಯ ವಿರುದ್ಧದ ಅಪರಾಧವೆಂದು ಕರೆಯಿತು. 2024ರ ಜುಲೈನಿಂದ ಸುಮಾರು 150 ನಾಗರಿಕರು ಸತ್ತಿದ್ದಾರೆಂದು ಅದು ಹೇಳಿತು. ಆ ವಿಡಿಯೊಗಳಲ್ಲಿ ಎಷ್ಟನ್ನೋ ಹೊಡೆದವರೇ ಹಾಡು ಸೇರಿಸಿ ಟೆಲಿಗ್ರಾಮ್‌ನಲ್ಲಿ ಹಂಚಿದ್ದರು. ಆಯೋಗಕ್ಕೆ ಸಿಕ್ಕ ಪುರಾವೆಯಲ್ಲಿ ಅವೂ ಸೇರಿದ್ದವು.

ಮುಂಚೂಣಿಯಿಂದ ಕೆಲವೇ ಕಿಲೋಮೀಟರ್ ಹಾರುವ ಡ್ರೋನ್ ಸೈಬೀರಿಯಾಕ್ಕೂ ಹೋಗಬಲ್ಲದು ಎಂದು 2025ರ ಜೂನ್ 1ಕ್ಕೆ ಗೊತ್ತಾಯಿತು. ಉಕ್ರೇನಿನ ಭದ್ರತಾ ಸಂಸ್ಥೆ ಎಸ್‌ಬಿಯು ಮರದ ಕೋಣೆಗಳ ಚಾವಣಿಯಡಿ ಡ್ರೋನ್ ಅಡಗಿಸಿ, ಆ ಕೋಣೆಗಳನ್ನು ಲಾರಿಯಲ್ಲಿಟ್ಟು ರಷ್ಯಾದೊಳಗೇ ಸಾಗಿಸಿತ್ತು. ತಯಾರಿಗೆ ಒಂದೂವರೆ ವರ್ಷ. ಆ ದಿನ ವಿಮಾನನೆಲೆಗಳ ಹತ್ತಿರ ಲಾರಿಗಳು ನಿಂತವು, ಚಾವಣಿ ತೆರೆದುಕೊಂಡಿತು, 117 ಡ್ರೋನುಗಳು ಎದ್ದವು. ಇರ್ಕುತ್ಸ್ಕ್ ಪ್ರಾಂತ್ಯದ ಬೆಲಾಯಾ ನೆಲೆ ಉಕ್ರೇನಿನಿಂದ ನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ರಷ್ಯಾದ ಮೊಬೈಲ್ ಜಾಲದ ಮೇಲೆಯೇ ಚಿತ್ರ ಹರಿಯಿತು. 41 ವಿಮಾನಗಳಿಗೆ ಪೆಟ್ಟಾಯಿತೆಂದು ಉಕ್ರೇನ್ ಹೇಳಿಕೊಂಡಿತು. ಅಮೆರಿಕದ ಅಧಿಕಾರಿಗಳ ಅಂದಾಜು ಅದರ ಅರ್ಧ: ಇಪ್ಪತ್ತಕ್ಕೆ ಪೆಟ್ಟು, ಅದರಲ್ಲಿ ಹತ್ತು ಪೂರ್ತಿ ನಾಶ. ಯಾವ ಲೆಕ್ಕ ಹಿಡಿದರೂ ಸುಟ್ಟವುಗಳಲ್ಲಿ ಟು-95ನಂಥ, ಈಗ ಯಾರೂ ತಯಾರಿಸದ ಬಾಂಬರ್‌ಗಳಿದ್ದವು. ಡ್ರೋನ್ ನಡೆಸಿದ ತಂತ್ರಾಂಶ ಆರ್ಡುಪೈಲಟ್. ಅದೂ ಹದಿನೈದು ವರ್ಷಕ್ಕೂ ಹಿಂದೆ ಹವ್ಯಾಸಿಗಳು ಬರೆದು ಲೋಕಕ್ಕೆ ಬಿಟ್ಟುಕೊಟ್ಟದ್ದು.

ಭಾರತದ ಸೇನೆ ಇದನ್ನೆಲ್ಲ ಹತ್ತಿರದಿಂದ ಗಮನಿಸುತ್ತಿತ್ತು. 2024ರ ಆಗಸ್ಟಿನಲ್ಲಿ ರೈಸಿಂಗ್ ಸ್ಟಾರ್ ಕೋರ್‌ನ ಡ್ರೋನ್ ಶಾಲೆಯಲ್ಲಿ ಶುರುವಾದ ಕೆಲಸ, ಚಂಡೀಗಢದ ಟಿಬಿಆರ್‌ಎಲ್ ಪ್ರಯೋಗಾಲಯದ ಜೊತೆಗೂಡಿ, 2025ರ ಮಾರ್ಚಿಗೆ ಟ್ಯಾಂಕ್ ಹೊಡೆಯುವ ಸ್ವದೇಶಿ ಎಫ್‌ಪಿವಿಯಾಗಿ ಹೊರಬಂತು. ಹಾರಿಸುವ ಜವಾನನ ಕೈಯಲ್ಲೇ ಸಿಡಿಯದಂತೆ ಎರಡು ಹಂತದ ಸುರಕ್ಷೆ ಅದಕ್ಕಿದೆ. ಬೆಲೆ 1.40 ಲಕ್ಷ ರೂಪಾಯಿ. ಎರಡು ತಿಂಗಳ ಬಳಿಕ ಆಪರೇಷನ್ ಸಿಂಧೂರದಲ್ಲಿ ಬಳಕೆಯಾಯಿತೆಂದು ವರದಿಯಾದ ಸ್ಕೈಸ್ಟ್ರೈಕರ್ ಇದಕ್ಕಿಂತ ದೊಡ್ಡದು, ದುಬಾರಿಯದು. ಇಸ್ರೇಲಿನ ಎಲ್ಬಿಟ್ ಜೊತೆ ಸೇರಿ ಅದನ್ನು ಮಾಡುವುದು ಬೆಂಗಳೂರಿನ ಆಲ್ಫಾ ಡಿಸೈನ್. ಜುಲೈ 26ರಂದು ದ್ರಾಸ್‌ನಲ್ಲಿ ಸೇನಾ ಮುಖ್ಯಸ್ಥ ಜನರಲ್ ಉಪೇಂದ್ರ ದ್ವಿವೇದಿ ಪ್ರತಿ ಕಾಲಾಳು ಬೆಟಾಲಿಯನ್ನಿಗೂ ಒಂದು ಡ್ರೋನ್ ಪ್ಲಟೂನ್ ಎಂದರು.

ಬೆಟಾಲಿಯನ್‌ಗಳು ನೂರಾರಿವೆ. ಉಕ್ರೇನಿನ ಮಟ್ಟದಲ್ಲಿ ಖರ್ಚಾದರೆ ಡ್ರೋನುಗಳನ್ನು ಲಕ್ಷದ ಲೆಕ್ಕದಲ್ಲಿ ಕಟ್ಟಬೇಕು. ಆ ಮೋಟಾರು, ಆ ಕ್ಯಾಮೆರಾ, ಆ ಚಿಪ್ಪುಗಳಿಗೆ ಇವತ್ತಿಗೂ ಅಗ್ಗದ ಸಂತೆ ಶೆನ್‌ಜೆನ್ ಒಂದೇ. ಉಕ್ರೇನ್, ರಷ್ಯಾ ಎರಡೂ ಅಲ್ಲಿಂದಲೇ ಕೊಂಡು ಪರಸ್ಪರ ಹೊಡೆದಾಡುತ್ತಿವೆ. 2023ರಿಂದ ಚೀನಾ ರಫ್ತಿನ ಬಿಗಿ ಹೆಚ್ಚಿಸಿದಾಗಲೆಲ್ಲ ಎರಡೂ ಕಡೆ ಪರದಾಟ. ಲಡಾಖಿನ ಆಚೆ ಬದಿಯಲ್ಲಿ ಚೀನಾವನ್ನೇ ಎದುರಿಟ್ಟುಕೊಂಡ ಭಾರತಕ್ಕೆ ಆ ಸಂತೆಗೆ ಹೋಗುವ ಹಾಗಿಲ್ಲ. 2025ರ ಫೆಬ್ರವರಿಯಲ್ಲಿ ರಕ್ಷಣಾ ಸಚಿವಾಲಯ, ಒಳಗೆ ಚೀನೀ ಬಿಡಿಭಾಗವಿದೆಯೆಂಬ ಕಾರಣಕ್ಕೆ, 400 ಸರಕು ಸಾಗಣೆ ಡ್ರೋನುಗಳ ಸುಮಾರು 230 ಕೋಟಿ ರೂಪಾಯಿಯ ಮೂರು ಗುತ್ತಿಗೆಗಳನ್ನು ರದ್ದುಮಾಡಿತು.